ಗಾಯರಾಣದ ದಾರಿ, ನಾಯಿ ಮತ್ತು ಹಗ್ಗ

ಮಲೆನಾಡಿನವರಿಗೆ ಚಾರಣವೆಂದರೆ ಏರುದಾರಿ, ಕಾಡಿನ ನೆರಳು, ಕೊನೆಯಲ್ಲೊಂದು ಹುಲ್ಲುಗುಡ್ಡ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಅಂಥ ದಾರಿಯನ್ನು ಹುಡುಕಿ ಹೊರಟವರಿಗೆ ನಿರಾಸೆಯೇ ಗತಿ. ಅಲ್ಲಿ ನಡೆಯುವವರಿಗೆ ಒದಗುವುದು ಹೊಲದ ಬದು, ಗಾಡಿದಾರಿ, ಹಳ್ಳದ ದಂಡೆ, ಗಾಣಗಾಪುರದ ಬಳಿ ಅಮರ್ಜಾ ಹೊಳೆ ಭೀಮೆಯನ್ನು ಸೇರುವೆಡೆಯ ಕುರುಚಲು ಇಳಿಜಾರು, ಮತ್ತು ಊರಾಚೆಯ ಗಾಯರಾಣ. ಮಲೆನಾಡಿನಲ್ಲಿ ಗೋಮಾಳವೆಂದು ಕರೆಯುವುದೇ ಅಲ್ಲಿ ಗಾಯರಾಣ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಓದಲು ಹೋಗುವ ಘಟ್ಟದ ಕಡೆಯ ವಿದ್ಯಾರ್ಥಿ ಸುತ್ತಲಿನ ಬಯಲನ್ನು ಮೊದಲ ಸಲ ನೋಡಿದಾಗ ಇಲ್ಲೇನೂ ಇಲ್ಲವೆಂದುಕೊಳ್ಳುವುದು ಸಹಜ. ಸರಕಾರದ ಕಾಗದಗಳಿಗೂ ಅದೇ ಕಣ್ಣು. ಕೇಂದ್ರ ಸರಕಾರ ೨೦೦೦ದಿಂದ ಆಗಾಗ ಹೊರತರುತ್ತಿರುವ ಪಾಳುಭೂಮಿಯ ನಕಾಶೆಗಳಲ್ಲಿ ಕುರುಚಲು ನೆಲವೂ ಸವೆದ ಹುಲ್ಲುಗಾವಲೂ ‘ಪಾಳು’ ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಬರುತ್ತವೆ.

ಪಾಳು ಎಂದ ಮೇಲೆ ಅಲ್ಲಿ ಯಾರು ಏನು ಮಾಡಿದರೂ ಕೇಳುವವರಿಲ್ಲ. ನಾಯಿಯ ಮಾತು ಏಳುವುದು ಇಲ್ಲಿಯೇ. ಇದೇ ಜಿಲ್ಲೆಯ ಚಿಂಚೋಳಿಯಲ್ಲಿ ೨೦೧೧ರಲ್ಲಿ ಘೋಷಿತವಾದ ಸುಮಾರು ೧೩೫ ಚದರ ಕಿಲೋಮೀಟರಿನ ಅಭಯಾರಣ್ಯವಿದೆ; ಕುದುರೆಮುಖದಲ್ಲಿ ರಾಷ್ಟ್ರೀಯ ಉದ್ಯಾನವಿದೆ. ಇಂಥ ಕಡೆ ಪ್ರವಾಸಿಗನು ಸಾಕುನಾಯಿಯನ್ನು ಒಳಗೆ ಕರೆದೊಯ್ಯುವಂತಿಲ್ಲ, ಅದನ್ನು ಹೇಳಲು ಕಾವಲುಗಾರನೊಬ್ಬ ಇರುತ್ತಾನೆ. ಗಾಯರಾಣಕ್ಕೆ ಕಾವಲು ಗೇಟೂ ಇಲ್ಲ, ಫಲಕವೂ ಇಲ್ಲ. ಬೆಳಗಿನ ನಡಿಗೆಗೆ, ರಜೆಯ ದಿನದ ತಿರುಗಾಟಕ್ಕೆ, ಓಟದ ಪಂದ್ಯದ ತಾಲೀಮಿಗೆ ನಾಯಿಯೊಡನೆ ಬಯಲಿಗಿಳಿಯುವ ಯುವಕನಿಗೆ ತಾನು ಇನ್ನೊಂದು ಜೀವದ ಮನೆಯಂಗಳದಲ್ಲಿ ಕಾಲಿಟ್ಟಿದ್ದೇನೆಂದು ತಿಳಿಸುವವರು ಯಾರು?

ಬಯಲಿನಲ್ಲಿ ನಾಯಿಯೊಡನೆ ನಡೆಯುವವರಲ್ಲಿ ಎಲ್ಲರಿಗಿಂತ ಹಳಬನು ಕುರಿಗಾರ. ಬಿಳಿಜೋಳದ ಕಟಾವು ಮುಗಿದು, ತೊಗರಿಯ ಕೂಳೆ ಮಾತ್ರ ಉಳಿದ ಹೊಲಗಳಲ್ಲಿ ಅವನ ಹಿಂಡು ಸಾಗುತ್ತದೆ. ರಾತ್ರಿ ಯಾರದೋ ಹೊಲದಲ್ಲಿ ಕುರಿಗಳನ್ನು ನಿಲ್ಲಿಸಿದರೆ ಬೆಳಗಾಗುವುದರೊಳಗೆ ಹಿಕ್ಕೆ, ಗಂಜಲ ಎರಡೂ ಎರೆಮಣ್ಣಿಗೆ ಸಂದಿರುತ್ತವೆ. ಅದಕ್ಕೆ ಪ್ರತಿಯಾಗಿ ಹೊಲದ ಒಡೆಯನು ಕಾಳನ್ನೋ ಹಣವನ್ನೋ ಕೊಡುತ್ತಾನೆ. ಚೀಲದ ಗೊಬ್ಬರಕ್ಕೆ ದುಡ್ಡು ಸುರಿಯುವ ಈ ಕಾಲದಲ್ಲಿಯೂ ಈ ಒಪ್ಪಂದ ಸತ್ತಿಲ್ಲವೆಂಬುದು ಸಣ್ಣ ಸಂಗತಿಯಲ್ಲ. ಅವನ ನಾಯಿ ಈ ಏರ್ಪಾಡಿನ ಒಂದು ಅಂಗ. ಅದು ಹಿಂಡಿನ ಅಂಚಿನಲ್ಲಿ ನಡೆಯುತ್ತದೆ, ರಾತ್ರಿ ಹಿಂಡಿನ ಸುತ್ತ ಮಲಗುತ್ತದೆ, ತೋಳದ ಸುಳಿವು ಸಿಕ್ಕರೆ ಬೊಗಳಿ ಎಬ್ಬಿಸುತ್ತದೆ. ಮೊಲದ ಹಿಂದೆ ಮೈಲಿಗಟ್ಟಲೆ ಓಡಿ ಹಿಂಡನ್ನು ಬಿಟ್ಟುಹೋಗುವ ನಾಯಿಯನ್ನು ಯಾವ ಕುರಿಗಾರನೂ ಬಹುಕಾಲ ಇಟ್ಟುಕೊಳ್ಳಲಾರ. ದಖನ್ನಿನ ಕುರಿಗಾಹಿಗಳಲ್ಲಿ ತೋಳಕ್ಕೂ ಹಿಂಡಿನಲ್ಲಿ ಒಂದು ಪಾಲುಂಟೆಂಬ ಭಾವನೆ ಇಂದಿಗೂ ಕಾಣಸಿಗುತ್ತದೆ. ತೋಳವನ್ನು ಕೊಲ್ಲದೆ ಓಡಿಸಲು ನಾಯಿಯೇ ಅವರ ಸಾಧನ.

ಆದ್ದರಿಂದ ‘ಬಯಲಿನಲ್ಲಿ ನಾಯಿಗಳ ಹಾವಳಿ’ ಎಂಬ ದೂರು ಬಂದಾಗಲೆಲ್ಲ ಮೊದಲು ಕುರಿಗಾರನ ಕಡೆ ಬೆರಳು ತೋರಿಸುವುದು ಅನ್ಯಾಯ. ಅವನು ಜಾತ್ರೆಯಂತೆ ಎದ್ದುಕಾಣುತ್ತಾನೆ, ದಾರಿಯಲ್ಲಿ ತಡೆದು ನಿಲ್ಲಿಸಲು ಸುಲಭ, ಎದುರುತ್ತರ ಕೊಡಲಾರ. ನಿಯಮ ಮಾಡುವವರಿಗೆ ಇಂಥವನೇ ಅನುಕೂಲ. ನಿಜವಾದ ಹಾನಿ ಬೇರೆ ಎರಡು ಕಡೆಯಿಂದ ಬರುತ್ತಿದೆ. ಮೊದಲನೆಯದು ಹವ್ಯಾಸಕ್ಕೆ ಬಿಟ್ಟ ನಾಯಿ; ಎರಡನೆಯದು ಯಾರದೂ ಅಲ್ಲದ, ಊರ ಕಸವನ್ನೂ ಸತ್ತ ದನವನ್ನೂ ತಿಂದು ಬೆಳೆದ ನಾಯಿ.

ಹವ್ಯಾಸದ ನಾಯಿಗಳಲ್ಲಿ ಮುಧೋಳದ್ದು ಹೆಸರುವಾಸಿ. ಕರವಾನಿ ಎಂದೂ ಕರೆಯುವ ಈ ತಳಿಯ ಚಿತ್ರವನ್ನು ಅಂಚೆ ಇಲಾಖೆ ೨೦೦೫ರಲ್ಲಿ ಅಂಚೆಚೀಟಿಯ ಮೇಲೆ ಮುದ್ರಿಸಿತು. ಸೇನೆಯೂ ಇದನ್ನು ಪಳಗಿಸಿದೆ. ಉತ್ತರ ಕರ್ನಾಟಕದ ಹೆಮ್ಮೆಯೆನ್ನಲು ಏನೂ ಅಡ್ಡಿಯಿಲ್ಲ. ಆದರೆ ಇದು ಮೂಗಿನಿಂದಲ್ಲ, ಕಣ್ಣಿನಿಂದ ಬೇಟೆಯಾಡುವ ಪ್ರಾಣಿ. ಓಡುವುದೊಂದು ಕಣ್ಣಿಗೆ ಬಿದ್ದ ಮೇಲೆ ಒಡೆಯನ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಶತಮಾನಗಳ ಕಾಲ ಮೊಲದ ಹಿಂದೆ ಓಡಲೆಂದೇ ಆಯ್ದು ಬೆಳೆಸಿದ ತಳಿಯನ್ನು ಹಗ್ಗವಿಲ್ಲದೆ ಮೊಲವಿರುವ ಬಯಲಿಗೆ ಒಯ್ದು ‘ನನ್ನ ನಾಯಿ ಸಾಧು’ ಎನ್ನುವುದರಲ್ಲಿ ಅರ್ಥವಿಲ್ಲ. ಉತ್ತರ ಕರ್ನಾಟಕದ ಕೆಲವೆಡೆ ಯುಗಾದಿಯ ಹೊತ್ತಿಗೆ ಗುಂಪುಗೂಡಿ ನಾಯಿಗಳೊಡನೆ ಬೇಟೆಗೆ ಹೊರಡುವ ರೂಢಿಯೂ ಇದೆ. ಇದು ಸಂಪ್ರದಾಯವೆಂಬ ಸಮಜಾಯಿಷಿ ಕಾನೂನಿನ ಮುಂದೆ ನಿಲ್ಲದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ‘ಬೇಟೆ’ ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ ಕೊಲ್ಲುವುದಷ್ಟೇ ಸೇರಿಲ್ಲ. ನಾಯಿ ಬಿಟ್ಟು ಅಟ್ಟಿಸುವುದು, ಸೋಯುವುದು, ಅದಕ್ಕಾಗಿ ಮಾಡುವ ಪ್ರಯತ್ನ ಕೂಡ ಬೇಟೆಯೇ. ಹಕ್ಕಿಯ ಮೊಟ್ಟೆಗೂ ಗೂಡಿಗೂ ಕೇಡು ಮಾಡುವುದು, ಕದಡುವುದು ಸಹ ಅದೇ ಅರ್ಥದೊಳಗೆ ಬರುತ್ತದೆ. ಅಭಯಾರಣ್ಯದ ಒಳಗೆ ಮಾತ್ರ ಎಂದು ಕಾಯ್ದೆ ಹೇಳಿಲ್ಲ. ಗಾಯರಾಣಕ್ಕೂ ಅದೇ ಕಾನೂನು.

ಗೂಡಿನ ಮಾತನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಮಲೆನಾಡಿನ ಓದುಗರ ಮನಸ್ಸಿನಲ್ಲಿ ಗೂಡೆಂದರೆ ಮರದ ಮೇಲಿನದು. ಎರೆಸೀಮೆಯಲ್ಲಿ ಮರವೇ ವಿರಳ. ಗೌಜಲಹಕ್ಕಿ, ಟಿಟ್ಟಿಭ, ನೆಲಗುಬ್ಬಿ ಎಲ್ಲವೂ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಟಿಟ್ಟಿಭದ ಗೂಡೆಂದರೆ ಕಾಲಿನಿಂದ ಕೆರೆದ ಒಂದು ಗುಳಿ, ಸುತ್ತ ಒಂದಷ್ಟು ಹರಳು, ನಡುವೆ ಮಣ್ಣಿನದೇ ಬಣ್ಣದ ನಾಲ್ಕು ಮೊಟ್ಟೆ. ಮೊಟ್ಟೆಯೊಡೆಯಲು ಸುಮಾರು ನಾಲ್ಕು ವಾರ ಬೇಕು. ಅದರ ಮೊಟ್ಟೆಯಿಡುವ ಕಾಲ ಮಾರ್ಚಿನಿಂದ ಆರಂಭವಾಗಿ ಮಳೆಗಾಲದೊಳಕ್ಕೂ ಚಾಚುತ್ತದೆ. ಎಂದರೆ ಹೊಲಗಳು ಬರಿದಾಗಿ, ಎರೆ ಬಿರುಕುಬಿಟ್ಟು, ಕಲಬುರಗಿಯ ಬಿಸಿಲು ನಲವತ್ತು ಡಿಗ್ರಿಯನ್ನು ದಾಟುವ ಕಾಲವೂ ಅದರೊಳಗೇ ಬರುತ್ತದೆ. ಆ ದಿನಗಳಲ್ಲಿ ತಾಯಿಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡುವುದಕ್ಕಿಂತ ಹೆಚ್ಚಾಗಿ ನೆರಳು ಕೊಡಲು. ಸಮೀಪದ ನೀರಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವುದೂ ಉಂಟು. ನಾಯಿಯೊಂದು ಹತ್ತಿರ ಸುಳಿದರೆ ಹಕ್ಕಿ ಎದ್ದು ಕಿರುಚುತ್ತ ಸುತ್ತು ಹಾಕುತ್ತದೆ. ನಾಯಿ ಮೊಟ್ಟೆಯನ್ನು ಕಾಣಲೇಬೇಕೆಂದಿಲ್ಲ. ಅದು ಆಚೀಚೆ ಮೂಸುತ್ತ ಅಲ್ಲಿಯೇ ಸುತ್ತಾಡಿದಷ್ಟು ಹೊತ್ತು ಮೊಟ್ಟೆಗಳು ಕಾದ ಎರೆಯ ಮೇಲೆ ಬಿಸಿಲಿಗೆ ಬಿದ್ದಿರುತ್ತವೆ, ಅಷ್ಟೇ ಸಾಕು. ನಾಯಿಯ ಒಡೆಯನ ಬಾಯಲ್ಲಿ ‘ನನ್ನ ನಾಯಿ ಏನನ್ನೂ ಮುಟ್ಟಲಿಲ್ಲ’ ಎಂಬ ಮಾತು ಆಗಲೂ ನಿಜವಾಗಿಯೇ ಇರುತ್ತದೆ.

ಆಸ್ಟ್ರೇಲಿಯದ ಸಿಡ್ನಿಯ ಬಳಿಯ ಕಾಡುದಾರಿಗಳಲ್ಲಿ ಇದನ್ನು ಅಳೆದು ನೋಡಿದ ಅಧ್ಯಯನವೊಂದು ೨೦೦೭ರಲ್ಲಿ ಪ್ರಕಟವಾಯಿತು. ಹಗ್ಗದಲ್ಲಿ ಹಿಡಿದ ನಾಯಿಯೊಡನೆ ಜನ ನಡೆದುಹೋದ ದಾರಿಗಳಲ್ಲಿ, ಯಾರೂ ನಡೆಯದ ದಾರಿಗಳಿಗೆ ಹೋಲಿಸಿದರೆ, ಹಕ್ಕಿಗಳ ಜಾತಿಗಳು ನೂರಕ್ಕೆ ೩೫ರಷ್ಟು, ಒಟ್ಟು ಹಕ್ಕಿಗಳ ಸಂಖ್ಯೆ ನೂರಕ್ಕೆ ೪೧ರಷ್ಟು ಕಡಿಮೆ ಕಂಡವು. ಹಗ್ಗದಲ್ಲಿದ್ದ ನಾಯಿಯ ಪರಿಣಾಮವೇ ಇದಾದರೆ ಬಿಟ್ಟ ನಾಯಿಯದನ್ನು ಊಹಿಸಬಹುದು. ಅದು ಬೇರೆ ದೇಶ, ಬೇರೆ ಹಕ್ಕಿ ಎನ್ನುವವರಿದ್ದಾರೆ. ಒಪ್ಪಬಹುದು, ಆದರೆ ಅಲ್ಲಿನ ಹಕ್ಕಿಗಳಿಗೆ ಕೂರಲು ಮರಗಳಿದ್ದವು, ಇಲ್ಲಿನವಕ್ಕೆ ಅದೂ ಇಲ್ಲ.

ಚಿಗರಿಯ ಮರಿಯ ಪಾಡೂ ಹೀಗೆಯೇ. ಹುಟ್ಟಿದ ಮೊದಲ ದಿನಗಳಲ್ಲಿ ಅದು ತಾಯಿಯೊಡನೆ ಓಡುವುದಿಲ್ಲ, ಹುಲ್ಲಿನಲ್ಲಿ ಅಲುಗಾಡದೆ ಮಲಗಿರುತ್ತದೆ. ತೋಳದಿಂದ ಅದನ್ನು ಕಾಪಾಡುತ್ತ ಬಂದ ಈ ಉಪಾಯವು ದಿನಕ್ಕೆರಡು ಬಾರಿ ಅದೇ ಜಾಗದಲ್ಲಿ ಸುತ್ತುವ ನಾಯಿಗಳ ಗುಂಪಿನ ಮುಂದೆ ಕೆಲಸಕ್ಕೆ ಬಾರದು. ತೊಗರಿಯ ಬೆಳೆಗೆ ಚಿಗರಿಯಿಂದ ನಷ್ಟವಾಗುವ ರೈತನು ನಾಯಿಗಳು ಅದನ್ನು ಓಡಿಸಲಿ ಎಂದು ಬಯಸಿದರೆ ಅವನನ್ನು ದೂರುವಂತಿಲ್ಲ. ಬೆಳೆನಷ್ಟಕ್ಕೆ ಪರಿಹಾರ ಹೊತ್ತಿಗೆ ಸರಿಯಾಗಿ ಕೈಸೇರದಿದ್ದರೆ ಪ್ರಾಣಿಪ್ರೀತಿಯ ಉಪದೇಶ ಯಾರಿಗೂ ರುಚಿಸದು. ಆದರೆ ನಾಯಿಗಳು ಅಟ್ಟಿದ ಹಿಂಡು ಊರು ಬಿಟ್ಟು ಹೋಗುವುದಿಲ್ಲ. ಒಬ್ಬನ ಹೊಲದಿಂದ ಎದ್ದು ಮತ್ತೊಬ್ಬನ ಹೊಲಕ್ಕೆ ನುಗ್ಗುತ್ತದೆ, ತಿಂದುದಕ್ಕಿಂತ ತುಳಿದು ಕೆಡಿಸುವುದೇ ಹೆಚ್ಚು.

ಎರೆಭೂತದ ಕಥೆಯನ್ನು ಇಲ್ಲಿ ನೆನೆಯದೆ ಇರಲಾಗದು. ಎರೆಸೀಮೆಯಿಂದಲೇ ಹೆಸರು ಪಡೆದ ಆ ಹೆಬ್ಬಕ್ಕಿ ಒಂದು ಕಾಲಕ್ಕೆ ದಖನ್ನಿನ ಬಯಲಿನದು. ಆಳಂದ, ಅಫಜಲಪುರಗಳ ಗಡಿಗೆ ತಾಗಿದ ಸೊಲ್ಲಾಪುರ ಜಿಲ್ಲೆಯ ನಾನ್ನಜದಲ್ಲಿ ಅದಕ್ಕಾಗಿಯೇ ೧೯೭೯ರಲ್ಲಿ ಅಭಯಾರಣ್ಯವಾಯಿತು. ಇಂದು ದೇಶದ ಬಯಲುಗಳಲ್ಲಿ ಸ್ವತಂತ್ರವಾಗಿ ಬದುಕಿರುವ ಎರೆಭೂತಗಳು ಇನ್ನೂರರ ಒಳಗೆ, ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು. ಬೇಟೆ, ಉಳುಮೆ, ವಿದ್ಯುತ್ ತಂತಿ ಹೀಗೆ ಕಾರಣಗಳು ಹಲವು. ಸಾಮಾನ್ಯವಾಗಿ ಒಂದು ಸಲಕ್ಕೆ ನೆಲದ ಮೇಲೆ ಒಂದೇ ಮೊಟ್ಟೆಯಿಡುವ ಹಕ್ಕಿಗೆ ನಾಯಿಯೂ ಆ ಕಾರಣಗಳಲ್ಲೊಂದು.

ಇನ್ನು ರೋಗದ ಸಂಗತಿ. ೧೯೯೪ರಲ್ಲಿ ಆಫ್ರಿಕದ ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಸತ್ತುದು ಕೆನೈನ್ ಡಿಸ್ಟೆಂಪರ್ ಎಂಬ ನಾಯಿಗಳ ರೋಗದಿಂದ. ೨೦೧೮ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಗುಜರಾತಿನ ಗಿರ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಅದೇ ವೈರಸ್ ಪತ್ತೆಯಾಯಿತು. ನರಿ, ತೋಳ, ಮಲೆನಾಡಿನ ಸೀಳುನಾಯಿಗಳಿಗೂ ಇದು ತಗಲಬಲ್ಲುದು. ತೋಳಕ್ಕೆ ಇನ್ನೊಂದು ಅಪಾಯವೂ ಉಂಟು: ಪುಣೆಯ ಸುತ್ತಲಿನ ಹುಲ್ಲುಗಾವಲುಗಳಲ್ಲಿ ತೋಳ–ನಾಯಿಗಳ ಮಿಶ್ರಸಂತಾನವನ್ನು ೨೦೨೩ರಲ್ಲಿ ಪ್ರಕಟವಾದ ಅಧ್ಯಯನ ತಳಿಪರೀಕ್ಷೆಯಿಂದ ದೃಢಪಡಿಸಿತು. ತೋಳ ಸಾಯದೆಯೂ ಇಲ್ಲವಾಗುವ ಬಗೆಯಿದು.

ಕಾಡುಪ್ರಾಣಿಯ ಚಿಂತೆ ತನಗೇಕೆನ್ನುವ ಕುರಿಗಾರನಿಗೆ ಹೇಳಬೇಕಾದ ರೋಗವೇ ಬೇರೆ. ಕುರಿಯ ತಲೆತಿರುಗು ರೋಗವನ್ನು ಕಾಣದ ಹಿಂಡು ಕಡಿಮೆ. ತಲೆಯನ್ನು ಒಂದೇ ಕಡೆ ವಾಲಿಸಿಕೊಂಡು ಕುರಿ ಸುತ್ತು ಹಾಕುತ್ತದೆ, ಮೇವು ಬಿಡುತ್ತದೆ, ಸಾಯುತ್ತದೆ. ಅದರ ಮಿದುಳಿನಲ್ಲಿ ನೀರುಗುಳ್ಳೆಯಿರುತ್ತದೆ; ಆ ಗುಳ್ಳೆಯೊಳಗೆ ನಾಯಿಯ ಲಾಡಿಹುಳದ ಮರಿಗಳು. ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆದರೆ ಮರಿಗಳು ನಾಯಿಯ ಕರುಳನ್ನು ಸೇರಿ ಹುಳುವಾಗುತ್ತವೆ, ನಾಯಿಯ ಮಲದೊಡನೆ ತತ್ತಿಗಳು ಹುಲ್ಲಿಗೆ ಬೀಳುತ್ತವೆ, ಹುಲ್ಲಿನೊಡನೆ ಮತ್ತೆ ಕುರಿಯ ಹೊಟ್ಟೆಗೆ. ಇದೇ ಬಗೆಯ ಇನ್ನೊಂದು ಲಾಡಿಹುಳವು ಕುರಿಯ ಪಿತ್ತಜನಕಾಂಗ, ಶ್ವಾಸಕೋಶಗಳಲ್ಲಿ ಗುಳ್ಳೆಗಳನ್ನು ಉಂಟುಮಾಡುತ್ತದೆ; ಅದು ಮನುಷ್ಯನನ್ನೂ ಬಿಡದು. ಈ ಸುತ್ತನ್ನು ಕಡಿಯುವುದು ಕಷ್ಟವೇನಲ್ಲ. ತಲೆ, ಕರುಳು, ಪಿತ್ತಜನಕಾಂಗಗಳನ್ನು ಹಸಿಯಾಗಿ ನಾಯಿಗೆ ಹಾಕದೆ ಆಳವಾಗಿ ಹೂಳಬೇಕು. ಪಶುವೈದ್ಯರನ್ನು ಕೇಳಿ ನಾಯಿಗೆ ಪ್ರಾಜಿಕ್ವಾಂಟೆಲ್ ಇರುವ ಜಂತುನಾಶಕವನ್ನು ಕ್ರಮವಾಗಿ ಕೊಡಬೇಕು. ಕುರಿಗಳಿಗೆಲ್ಲ ಜಂತಿನ ಔಷಧಿ ಕುಡಿಸಿ ನಾಯಿಯೊಂದನ್ನು ಮರೆತರೆ ಮಾಡಿದ ಖರ್ಚು ನೀರಿನಲ್ಲಿ ಹೋಮ. ಸಂಜೆಯ ತಿರುಗಾಟಕ್ಕೆ ಗಾಯರಾಣಕ್ಕೆ ಬರುವ ಪೇಟೆಯ ನಾಯಿಗೂ ಈ ಮಾತು ಅನ್ವಯಿಸುತ್ತದೆ, ಅದರ ಮಲ ಬೀಳುವುದೂ ಕುರಿ ಮೇಯುವ ಹುಲ್ಲಿನ ಮೇಲೆಯೇ.

ರೇಬೀಸಿನ ಬಗ್ಗೆ ಎಲ್ಲರಿಗೂ ಗೊತ್ತಿದೆಯೆಂದು ಭಾವಿಸಲಾಗುತ್ತದೆ, ಆದರೂ ಗಾಯಕ್ಕೆ ಖಾರದಪುಡಿ ಹಚ್ಚುವ ರೂಢಿ ಹೋಗಿಲ್ಲ. ಕಚ್ಚಿದ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸುವುದು, ಹೇಳಿದಷ್ಟೂ ಸಲ ತಪ್ಪದೆ ಹಾಕಿಸಿಕೊಳ್ಳುವುದು, ಇಷ್ಟನ್ನು ಶಾಲೆಯ ಗೋಡೆಯ ಮೇಲೆ ಬರೆಸುವುದು ಒಳ್ಳೆಯದು.

ಯಾರದೂ ಅಲ್ಲದ ನಾಯಿಗಳ ಪ್ರಶ್ನೆ ಇವೆಲ್ಲಕ್ಕಿಂತ ತೊಡಕಿನದು. ಅದರ ಬೇರು ಹದ್ದುಗಳ ಕಥೆಯಲ್ಲಿದೆ. ಹಿಂದೆ ಊರಾಚೆ ಎಸೆದ ದನವನ್ನು ರಣಹದ್ದುಗಳು ಕೆಲವೇ ಗಂಟೆಗಳಲ್ಲಿ ಮೂಳೆಯಾಗಿಸುತ್ತಿದ್ದವು. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಆ ದನಗಳ ಮಾಂಸದೊಡನೆ ಹೊಟ್ಟೆ ಸೇರಿ ೧೯೯೦ರ ದಶಕದಿಂದ ದೇಶದ ರಣಹದ್ದುಗಳನ್ನು ಬಹುಪಾಲು ಅಳಿಸಿಹಾಕಿತು. ೨೦೦೬ರಲ್ಲಿ ಆ ಔಷಧಿಯನ್ನು ಪಶುಗಳಿಗೆ ಬಳಸುವುದು ನಿಷೇಧವಾಯಿತಾದರೂ ಹದ್ದುಗಳು ಮರಳಲಿಲ್ಲ. ಅವುಗಳ ಊಟ ನಾಯಿಗಳ ಪಾಲಾಯಿತು. ಇಂದು ಊರಾಚೆ ಸತ್ತ ದನವನ್ನು ಎಸೆಯುವ ಜಾಗ ಯಾವುದೋ, ನಾಯಿಗುಂಪಿನ ಠಾಣೆಯೂ ಅದೇ. ಆ ಜಾಗ ಎಷ್ಟೋ ಊರುಗಳಲ್ಲಿ ಗಾಯರಾಣದ ಅಂಚಿನಲ್ಲಿಯೇ ಇರುತ್ತದೆ. ನಾಯಿಯನ್ನು ಹೊಡೆದು ಕೊಲ್ಲಬೇಕೆಂಬ ಸಿಟ್ಟಿನ ಮಾತು ಕಾನೂನಿಗೂ ಕರುಣೆಗೂ ವಿರುದ್ಧ. ಅಷ್ಟೇ ಅಲ್ಲದೆ ನಿಷ್ಫಲ. ತಿನಿಸು ಅಲ್ಲಿಯೇ ಬಿದ್ದಿರುವವರೆಗೆ ಒಂದು ಹೋದರೆ ಇನ್ನೊಂದು ಬರುತ್ತದೆ. ೨೦೨೫ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದೆಹಲಿಯ ಬೀದಿನಾಯಿಗಳ ಬಗ್ಗೆ ಕೊಟ್ಟ ಆದೇಶಗಳ ಸುತ್ತ ದೇಶವೆಲ್ಲ ಚರ್ಚಿಸಿತು. ಆ ಗದ್ದಲದಲ್ಲಿ ಹುಲ್ಲುಗಾವಲಿನ ನಾಯಿಯ ಮಾತು ಎತ್ತಿದವರು ವಿರಳ. ಸತ್ತ ದನವನ್ನು ಹೂಳಲು ಜಾಗ ಗೊತ್ತುಮಾಡುವುದು, ಗುಂಡಿ ತೋಡಿಸುವುದು, ಸಂತಾನಹರಣ ಮತ್ತು ಲಸಿಕೆಗೆ ಪಶುಸಂಗೋಪನಾ ಇಲಾಖೆಯನ್ನು ಕರೆಸುವುದು ಗ್ರಾಮ ಪಂಚಾಯಿತಿಯ ಕೈಯಲ್ಲಿಯೇ ಆಗಬೇಕಾದ ಕೆಲಸ. ವನ್ಯಜೀವಿ ಕಾಯ್ದೆಯಲ್ಲಿ ಅಭಯಾರಣ್ಯದ ಸುತ್ತ ಐದು ಕಿಲೋಮೀಟರಿನ ಜಾನುವಾರುಗಳಿಗೆ ಲಸಿಕೆ ಹಾಕಿಸುವ ವಿಧಿಯಿದೆ. ಆದರೆ ಜಾನುವಾರು ಯಾವುವೆಂದು ಹೇಳುವ ಪಟ್ಟಿಯಲ್ಲಿ ಬಾತುಕೋಳಿ ಇದೆ, ನಾಯಿಯ ಹೆಸರಿಲ್ಲ.

ಹಗ್ಗದ ವಿಷಯಕ್ಕೆ ಮರಳಿದರೆ, ಹಳ್ಳಿಯಲ್ಲಿ ನಾಯಿಗೆ ಹಗ್ಗ ಹಾಕುವುದು ಪೇಟೆಯವರ ಚಾಳಿಯೆಂಬ ಆಕ್ಷೇಪಣೆ ಬಂದೇ ಬರುತ್ತದೆ. ಮನೆಯಂಗಳದಲ್ಲಿ, ಹೊಲದ ಕಾವಲಿನಲ್ಲಿ, ಕುರಿಹಿಂಡಿನೊಡನೆ ಇರುವ ನಾಯಿಗೆ ಹಗ್ಗ ಬೇಡ; ಅದು ತನ್ನ ಕೆಲಸದ ಮೇಲಿದೆ. ಕೆಲಸವಿಲ್ಲದೆ, ಒಡೆಯನ ಸಂತೋಷಕ್ಕಾಗಿ ಗಾಯರಾಣಕ್ಕೆ ಬಂದ ನಾಯಿಗೆ ಬೇಕು. ಈ ವ್ಯತ್ಯಾಸವನ್ನು ಬಿಟ್ಟು ಎಲ್ಲ ನಾಯಿಗೂ ಒಂದೇ ನಿಯಮ ಮಾಡಿದರೆ ಅದು ಮೊದಲು ಕುರಿಗಾರನ ಕೊರಳಿಗೆ ಬೀಳುತ್ತದೆ. ಇಂಗ್ಲೆಂಡಿನಲ್ಲಿ ೨೦೦೦ದಲ್ಲಿ ಬಂದ ಕಾಯ್ದೆಯೊಂದು ಜನರಿಗೆ ಬಯಲು, ಗುಡ್ಡಗಳಲ್ಲಿ ಅಡ್ಡಾಡುವ ಹಕ್ಕನ್ನು ಕೊಡುವಾಗ ಮಾರ್ಚ್ ೧ರಿಂದ ಜುಲೈ ೩೧ರವರೆಗೆ ನಾಯಿಯನ್ನು ಗಿಡ್ಡ ಹಗ್ಗದಲ್ಲಿಯೇ ಹಿಡಿದಿರಬೇಕೆಂಬ ಷರತ್ತನ್ನೂ ಇಟ್ಟಿತು. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಕಾಲವದು. ನಡೆಯುವ ಹಕ್ಕು ಮತ್ತು ಹಗ್ಗ ಒಂದೇ ಕಾಗದದಲ್ಲಿ ಬಂದವು.

ಮಲೆನಾಡಿನ ಹುಲ್ಲುಗುಡ್ಡಗಳಿಗೂ ಈ ಮಾತು ಹೊರತಲ್ಲ. ಶೋಲೆಯಂಚಿನ ಹುಲ್ಲಿನಲ್ಲಿಯೂ ನೆಲದ ಗೂಡುಗಳಿವೆ, ಚಾರಣಿಗರ ಬೆನ್ನು ಹಿಡಿದು ಬರುವ ಊರನಾಯಿಗಳೂ ಇವೆ. ಬಿಸ್ಕೀಟು ಹಾಕಿ ಅವನ್ನು ತುದಿಯವರೆಗೆ ಕರೆದೊಯ್ಯುವುದು ಚೆಂದವೆಂದು ಭಾವಿಸಿದವರು ಹಲವರು. ಮಹಾರಾಷ್ಟ್ರದ ಅಕೋಲೆಯಲ್ಲಿ ಚಿರತೆಗಳ ಆಹಾರವನ್ನು ತೂಕದ ಲೆಕ್ಕದಲ್ಲಿ ನೋಡಿದ ಅಧ್ಯಯನದಲ್ಲಿ ಸುಮಾರು ನೂರಕ್ಕೆ ೩೯ರಷ್ಟು ನಾಯಿಯದೇ ಆಗಿತ್ತು. ಕಾಡಿನ ದಾರಿಯಲ್ಲಿ ಹಿಂದೆ ಬರುವ ನಾಯಿ ಚಿರತೆಗೂ ಆಹ್ವಾನವೇ.

ಆಳಂದ, ಅಫಜಲಪುರ, ಜೇವರ್ಗಿಗಳ ಗ್ರಾಮಸಭೆಗಳಿಗೆ ಇಂಗ್ಲೆಂಡಿನ ಪಂಚಾಂಗ ಬೇಕಾಗಿಲ್ಲ. ಹೋಳಿಹುಣ್ಣಿಮೆಯಿಂದ ನಾಗರಪಂಚಮಿಯವರೆಗೆ ಗಾಯರಾಣದಲ್ಲಿ ಕೆಲಸವಿಲ್ಲದ ನಾಯಿಯನ್ನು ಬಿಡತಕ್ಕದ್ದಲ್ಲ ಎಂಬ ಒಂದು ಠರಾವು ಸಾಕು. ಅವಧಿ ಹೆಚ್ಚೂ ಕಡಿಮೆ ಅದೇ ಆಗುತ್ತದೆ, ಯಾರಿಗೂ ತಾರೀಖು ನೆನಪಿಡುವ ತಾಪತ್ರಯವಿಲ್ಲ. ಲಸಿಕೆಗೆ ಸೆಪ್ಟೆಂಬರ್ ೨೮ರ ವಿಶ್ವ ರೇಬೀಸ್ ದಿನವನ್ನು ಹಿಡಿಯಬಹುದು. ತೊಗರಿ ಹೊಲದಲ್ಲಿ ನಿಂತಿರುವ, ಹಿಂಡುಗಳು ಇನ್ನೂ ಹೊಲಗಳಿಗೆ ಇಳಿಯದ ಕಾಲವದು. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಊರಿನ ಗಾಯರಾಣದಲ್ಲಿ ಬೇಸಿಗೆಯ ರಜೆಯಲ್ಲಿ ಎಷ್ಟು ಟಿಟ್ಟಿಭದ ಗೂಡುಗಳಿವೆ, ಎಷ್ಟು ಮರಿಯಾದವು ಎಂದು ದೂರದಿಂದ ನೋಡಿ ಬರೆದಿಟ್ಟರೆ ಸಭೆಯಲ್ಲಿ ಮಾತಿಗೆ ತೂಕ ಬರುತ್ತದೆ. ಯುಗಾದಿ ಈ ಅವಧಿಯ ಒಳಗೇ ಬೀಳುತ್ತದೆ. ಠರಾವು ಬರೆಯುವವರು ಆ ದಿನದ ಹೆಸರನ್ನು ಬಿಡಿಸಿಯೇ ಬರೆಯಬೇಕಾದೀತು.